‘ಬರು’ ಧಾತುವಿನ ಮೂರು ರೂಪಗಳು

ಮಗು ಕಾಣೆಯಾದ ಮನೆಯವರನ್ನು ಜಾತಿ, ಕಸುಬು, ಜಮೀನು ನೋಡಿ ವಿಂಗಡಿಸುವುದು ಅಶಾಸ್ತ್ರೀಯ. ಅವರ ಬಾಯಲ್ಲಿ ‘ಬರು’ ಧಾತು ಯಾವ ರೂಪ ತಾಳುತ್ತದೆ ಎಂಬುದೇ ಸರಿಯಾದ ಲಕ್ಷಣ. ಕಾಲಗಳನ್ನು ಬದಿಗಿಟ್ಟರೆ ಕನ್ನಡದ ಕ್ರಿಯಾರೂಪ ಮೂರು: ವಿಧ್ಯರ್ಥ, ನಿಷೇಧಾರ್ಥ, ಸಂಭಾವನಾರ್ಥ. ಮನೆಗಳೂ ಮೂರು ಬಗೆ.

1. ವಿಧ್ಯರ್ಥದವರು. ರೂಪ: ‘ಬರಲಿ’. ಇವರಲ್ಲಿ ಒಳಭೇದ ಎರಡು. ಠಾಣೆಗೆ ಅಲೆಯುವವರು ಮೊದಲನೆಯವರು. ಕಾಣೆಯಾದ ಮಗುವಿನ ದೂರಿಗೆ ಎಫ್‌ಐಆರ್ ಆಗಲೇಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. 1098 ಎಂಬ ಸಹಾಯವಾಣಿಯೂ ಉಂಟು. ಹರಕೆ ಹೊರುವವರು ಎರಡನೆಯವರು. ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲದ ಸಂತಾನ ವೇಣುಗೋಪಾಲನಿಗೆ ಜನ ಕೈಮುಗಿಯುವುದು ಮಕ್ಕಳಾಗಲಿ ಎಂದು. ಆದರೆ ಹೋದ ಮಗು ಬರಲಿ ಎಂಬ ಹರಕೆಗೂ ಅವನ ಕಥೆಯಲ್ಲಿ ಆಧಾರವುಂಟು: ಭಾಗವತದ ದಶಮಸ್ಕಂಧದಲ್ಲಿ ಒಬ್ಬ ಬ್ರಾಹ್ಮಣನ ಮನೆಯಲ್ಲಿ ಹುಟ್ಟಿದ ಮಕ್ಕಳು ಉಳಿಯುವುದಿಲ್ಲ; ಅರ್ಜುನ ಹೆರಿಗೆಮನೆಗೆ ಬಾಣಗಳ ಪಂಜರ ಹೆಣೆದರೂ ಕೂಸು ದೇಹಸಮೇತ ಮಾಯವಾಗುತ್ತದೆ. ಅಷ್ಟೂ ಮಕ್ಕಳನ್ನು ಕೃಷ್ಣ ಹಿಂದಕ್ಕೆ ತರುತ್ತಾನೆ. ಅಲ್ಲಿಯವರೆಗೆ ಆ ತಾಯಿ ಏನು ಮಾಡುತ್ತಿದ್ದಳು? ಪುರಾಣ ಅಲ್ಲಿ ನಿಲ್ಲುವುದಿಲ್ಲ.

2. ನಿಷೇಧಾರ್ಥದವರು. ರೂಪ: ‘ಬಾರನು’. ಹೆತ್ತವರಲ್ಲಿ ಈ ವರ್ಗ ಅತಿ ವಿರಳ, ನೆಂಟರಲ್ಲಿ ಹೇರಳ. ಏಳು ವರ್ಷ ಸುದ್ದಿಯಿಲ್ಲದವನು ಬದುಕಿದ್ದಾನೆಂದು ಹೇಳುವವರೇ ಅದನ್ನು ಸಾಬೀತು ಮಾಡಬೇಕೆನ್ನುವ ಸಾಕ್ಷ್ಯ ಕಾನೂನು ಇವರ ಕಡೆಯದು. ‘ತಿಥಿ ಮಾಡಿ ಮುಗಿಸ್ಬಿಡಿ’ ಎನ್ನುವ ದೊಡ್ಡಪ್ಪ ಏಳು ವರ್ಷವನ್ನೂ ಕಾಯುವುದಿಲ್ಲ.

3. ಸಂಭಾವನಾರ್ಥದವರು. ರೂಪ: ‘ಬಂದರೂ ಬಂದಾನು’. ಅಮೆರಿಕದ ಸಂಶೋಧಕಿ ಪಾಲಿನ್ ಬಾಸ್ 1970ರ ದಶಕದಲ್ಲಿ ಇಂಥ ಅಸ್ಪಷ್ಟ ನಷ್ಟಕ್ಕೆ ಒಂದು ಸಿದ್ಧಾಂತವನ್ನೇ ಕಟ್ಟಿದರು; ನಮ್ಮಲ್ಲಿ ಒಂದು ಪ್ರತ್ಯಯ ಸಾಕಾಗಿದೆ. ಗುರುತುಗಳು: ಅಗುಳಿ ಹಾಕದ ಬಾಗಿಲು, ಬದಲಿಸದ ಮೊಬೈಲ್ ನಂಬರ್, ರೇಷನ್ ಕಾರ್ಡಿನಲ್ಲಿ ತೆಗೆಸದ ಹೆಸರು.

ಆಕ್ಷೇಪ: ಒಬ್ಬಳೇ ತಾಯಿ ಬೆಳಿಗ್ಗೆ ದೀಪ ಹಚ್ಚುವಾಗ ಒಂದನೆಯವಳು, ರಾತ್ರಿ ಅನ್ನದ ಪಾತ್ರೆ ಮುಚ್ಚಿಡುವಾಗ ಮೂರನೆಯವಳು, ನಡುರಾತ್ರಿ ಯಾರಿಗೂ ಕೇಳದಂತೆ ಎರಡನೆಯವಳು. ವರ್ಗೀಕರಣ ನಿಲ್ಲುತ್ತದೆಯೇ?

ಸಮಾಧಾನ: ನಿಲ್ಲುವುದಿಲ್ಲ. ಗಂಡಹೆಂಡತಿ ಒಟ್ಟಿಗೇ ಒಂದು ರೂಪದಲ್ಲಿ ಇರುವುದೂ ಇಲ್ಲ. ಹಬ್ಬಕ್ಕೆ ಅಂಗಿ ತೆಗೆಯಲು ಹೋಗುತ್ತಾರೆ. ‘ಎಷ್ಟು ವಯಸ್ಸಿನ ಹುಡುಗನಿಗೆ?’ ಎಂದು ಅಂಗಡಿಯವನು ಕೇಳುತ್ತಾನೆ.

‘ಆರು’ ಎನ್ನುತ್ತಾನೆ ಅಪ್ಪ.

‘ಹನ್ನೊಂದು’ ಎನ್ನುತ್ತಾಳೆ ಅವ್ವ.