ಚಿಲಕ ಕರುಣ: ಒಂದು ರಸಜಿಜ್ಞಾಸೆ

ಸತ್ತ ಹೆಂಡತಿ ಹೊರಗೆ ನಿಂತು ಬಾಗಿಲ ಹಿಡಿ ತಿರುವುತ್ತಿದ್ದರೆ ಒಳಗಿರುವ ಗಂಡನದು ಯಾವ ರಸ? ಪ್ರಾಚೀನರು ಈ ಪ್ರಶ್ನೆಯನ್ನು ಎತ್ತಿಯೇ ಇಲ್ಲ. ರಂಗದ ಮೇಲೆ ಸಾವನ್ನೇ ತೋರಿಸಬಾರದೆಂದ ಪರಂಪರೆ ಸತ್ತ ಮೇಲಿನ ಓಡಾಟಕ್ಕೆ ಲಕ್ಷಣ ಹೇಳೀತು ಹೇಗೆ? ತೀ.ನಂ.ಶ್ರೀ. ಅವರ 'ಭಾರತೀಯ ಕಾವ್ಯಮೀಮಾಂಸೆ' ಬಂದದ್ದು 1953ರಲ್ಲಿ. ಸತ್ತವರು ಎದ್ದು ಓಡಾಡುವ 'ದಿ ವಾಕಿಂಗ್ ಡೆಡ್' ಧಾರಾವಾಹಿ ಶುರುವಾದದ್ದು 2010ರ ಅಕ್ಟೋಬರ್ 31ರಂದು. ಹೀಗಾಗಿ ಅವರನ್ನೂ ದೂರುವಂತಿಲ್ಲ. ಕೊರತೆ ತುಂಬುವ ಹೊಣೆಯನ್ನು ಪ್ರಸ್ತುತ ಲೇಖಕ ಹೊತ್ತಿದ್ದಾನೆ. ಹೊರು ಎಂದು ಯಾರೂ ಹೇಳಿರಲಿಲ್ಲ.

ನಮ್ಮ ಲಕ್ಷ್ಯಪುರುಷ ಆ ಧಾರಾವಾಹಿಯ ಮಾರ್ಗನ್ ಜೋನ್ಸ್. ಪಾತ್ರಧಾರಿ ಲೆನ್ನಿ ಜೇಮ್ಸ್. ಜಾರ್ಜಿಯಾದ ಒಂದು ಖಾಲಿ ಬೀದಿಯಲ್ಲಿ ಮಗ ಡ್ವೇನ್‌ನನ್ನು ಕಟ್ಟಿಕೊಂಡು ಅಡಗಿದ್ದಾನೆ. ಹೆಂಡತಿ ಜೆನ್ನಿ ಜ್ವರ ಬಂದು ಸತ್ತು, ವಾಕರ್ (ನಡೆದಾಡುವ ಹೆಣ) ಆಗಿ ಎದ್ದು, ರಾತ್ರಿ ಮನೆಬಾಗಿಲಿಗೆ ಬರುತ್ತಾಳೆ. ಮಾರ್ಗನ್ ಮಹಡಿಯ ಕಿಟಕಿಯಲ್ಲಿ ಅವಳ ಫೋಟೊ ಇಟ್ಟುಕೊಂಡು ಬಂದೂಕಿನ ಗುರಿ ಹಿಡಿಯುತ್ತಾನೆ. ಬೇರೆ ವಾಕರ್‌ಗಳಿಗೆ ಗುಂಡು ಹಾರುತ್ತದೆ. ಅವಳಿಗೆ ಹಾರುವುದಿಲ್ಲ.

ಇಲ್ಲಿ ಆಲಂಬನ ವಿಭಾವ ಜೆನ್ನಿ, ಉದ್ದೀಪನ ಬಾಗಿಲ ಹಿಡಿ. ಅನುಭಾವಕ್ಕೆ ಬಂದರೆ ತೊಡಕು. ಸಾತ್ತ್ವಿಕ ಭಾವಗಳು ಎಂಟು. ಅವುಗಳಲ್ಲಿ ಸ್ತಂಭ, ಸ್ವರಭೇದ, ವೇಪಥು, ವೈವರ್ಣ್ಯ, ಪ್ರಲಯ ಈ ಐದೂ ದುಃಖಿಗಿಂತ ವಾಕರ್‌ನಲ್ಲೇ ಪುಷ್ಕಳವಾಗಿ ಕಾಣುತ್ತವೆ. ರೋಮಾಂಚ ದೂರದಿಂದ ಕಾಣದು. ಬೆವರು ಜಾರ್ಜಿಯಾದ ಸೆಕೆಗೂ ಬಂದೀತು. ಸತ್ತವರನ್ನೂ ಉಳಿದವರನ್ನೂ ಬೇರ್ಪಡಿಸಲು ಶಾಸ್ತ್ರದಲ್ಲಿ ಮಿಕ್ಕಿದ್ದು ಕಣ್ಣೀರೊಂದೇ.

ಇನ್ನು ಮುಖ್ಯ ವಿವಾದ. ಮತ್ತೆ ಕೂಡುವ ಆಸೆ ಇದ್ದರೆ ವಿಪ್ರಲಂಭ, ಇಲ್ಲದಿದ್ದರೆ ಕರುಣ ಎಂದು ಭರತನ ವಿಭಾಗ. ವಿಪ್ರಲಂಭವಾದಿಗಳ ಹಿರಿಯ ಅದೇ ಧಾರಾವಾಹಿಯ ಹರ್ಷಲ್ ಗ್ರೀನ್. ವೃತ್ತಿಯಿಂದ ಪಶುವೈದ್ಯ. ಸತ್ತ ಹೆಂಡತಿಯನ್ನೂ ನೆರೆಯವರನ್ನೂ ರೋಗಿಗಳೆಂದು ಬಗೆದು ಕೊಟ್ಟಿಗೆಯಲ್ಲಿ ಕೂಡಿ, ಅವರಿಗೆ ಕೋಳಿ ತಿನ್ನಿಸುತ್ತಾನೆ. ಇದೇ ಪಕ್ಷದ ಉಗ್ರಗಾಮಿ 'ಗವರ್ನರ್' ಎಂಬವನು: ವಾಕರ್ ಆದ ಮಗಳು ಪೆನ್ನಿಯನ್ನು ಮನೆಯಲ್ಲಿ ಕಟ್ಟಿಹಾಕಿ ತಲೆ ಬಾಚುತ್ತಾನೆ. ಎದುರುಪಕ್ಷದವರು ತಲೆಗೆ ಗುಂಡು ಹೊಡೆದು ಕರುಣವನ್ನು ಸ್ಥಾಪಿಸುತ್ತಾರೆ. ಅವರ ವಾದ ಬಲವಾಗಿದೆ. ಆದರೆ ಮೂರನೆಯ ಸೀಸನ್ನಿನಲ್ಲಿ ಹೆಂಡತಿ ಲೋರಿ ಸತ್ತ ಮೇಲೆ ಆ ಪಕ್ಷದ ಮುಂದಾಳು ರಿಕ್ ಗ್ರೈಮ್ಸನೇ ಜೈಲಿನ ಸತ್ತ ಫೋನಿನಲ್ಲಿ ಅವಳೊಡನೆ ಮಾತಾಡುತ್ತಾನೆ. ಪಕ್ಷಾಂತರವೆಂದರೆ ಇದು.

ಮಾರ್ಗನ್ ಎರಡಕ್ಕೂ ಸಿಕ್ಕುವುದಿಲ್ಲ. ಜೆನ್ನಿ ಇಲ್ಲವೆಂಬುದು ಅವನಿಗೆ ಖಚಿತ. ಅವಳು ಬರುತ್ತಾಳೆಂಬುದೂ ಅಷ್ಟೇ ಖಚಿತ. ಆಸೆಯಿಲ್ಲದೆಯೂ ಕೂಟ ನಡೆದೀತು, ಅದೇ ಅವನ ಭಯ. ಇಷ್ಟು ಸಾಲದೆಂಬಂತೆ, ಶೃಂಗಾರಕ್ಕೂ ಬೀಭತ್ಸಕ್ಕೂ ಆಲಂಬನ ಒಂದೇ ಆಗಬಾರದೆಂಬ ಆಲಂಕಾರಿಕರ ಕಟ್ಟಪ್ಪಣೆಯನ್ನು ಈ ಬಡ ಹೆಂಗಸು ಮೆಟ್ಟಿಲ ಮೇಲೆ ನಿಂತು ಮುರಿಯುತ್ತಾಳೆ. ಶೋಕಕ್ಕೆ ಸತ್ತವರು ದೂರ ಹೋಗುವುದಾದರೂ ಬೇಕು. ಈ ಲೋಕದಲ್ಲಿ ಕಚ್ಚಿಸಿಕೊಳ್ಳದೆ ಸತ್ತವರೂ ಏಳುತ್ತಾರೆ. ಸೂತಕ ಮುಗಿಸಲು ಯಾರಿಗೂ ಬಿಡುವಿಲ್ಲ. ಈ ಸ್ಥಿತಿಗೆ 'ಚಿಲಕ ಕರುಣ' ಎಂದು ಹೆಸರಿಟ್ಟಿದ್ದೇನೆ.

ಇದರ ಪರಿಪಾಕ 2013ರ 'ಕ್ಲಿಯರ್' ಕಂತಿನಲ್ಲಿದೆ. ಮಗನ ಕೈಯಲ್ಲಿ ಬಂದೂಕಿತ್ತು. ಎದುರಿಗೆ ಬಂದವಳು ತಾಯಿ. ಅವನಿಗೂ ಹೊಡೆಯಲಾಗಲಿಲ್ಲ, ಅವಳು ಕಚ್ಚಿದಳು. ಆಮೇಲೆ ಮಾರ್ಗನ್ ಗೋಡೆಗಳ ತುಂಬ ಗೀಚುತ್ತ, ಬೀದಿಯಲ್ಲಿ ಬೋನು ಹೂಡುತ್ತ, ಆಯುಧ ಹುಡುಕಿಕೊಂಡು ಬಂದ ರಿಕ್‌ನನ್ನೂ ಗುರುತಿಸದೆ ಚಾಕು ಹಾಕುತ್ತಾನೆ. ಇದನ್ನು ಉನ್ಮಾದವೆಂಬ ಸಂಚಾರಿಭಾವಕ್ಕೆ ಸೇರಿಸುವುದು ವಾಡಿಕೆ. ಸಂಚಾರಿ ಎಂದರೆ ಬಂದು ಹೋಗತಕ್ಕದ್ದು. ಇದು ಹೋಗುವುದಿಲ್ಲ. ಇಷ್ಟು ಹೊತ್ತೂ ಇದಕ್ಕೊಂದು ಕೋಷ್ಟಕ ಬರೆಯಬೇಕೆಂದಿದ್ದೆ, ಬಿಟ್ಟಿದ್ದೇನೆ.

ಪರಿಹಾರ ಶಾಂತರಸವೇ ಎಂಬವರಿಗೆ 2015ರ ಒಂದು ಕಂತು ಪ್ರಮಾಣ: ಈಸ್ಟ್‌ಮನ್ ಎಂಬ ಮನೋವೈದ್ಯ, ಒಂದು ಆಡು, ಗಿಣ್ಣು ಮಾಡುವ ಹವ್ಯಾಸ, ಐಕಿಡೊ ಕಲಿಸಲು ಒಂದು ಕೋಲು. ಮಾರ್ಗನ್ ಚೇತರಿಸಿಕೊಳ್ಳುತ್ತಾನೆ. ಆಡನ್ನು ವಾಕರ್‌ಗಳು ತಿನ್ನುತ್ತವೆ, ವೈದ್ಯನೂ ಕಚ್ಚಿಸಿಕೊಂಡು ಸಾಯುತ್ತಾನೆ. ಶಾಂತವನ್ನು ಭರತನು ಎಣಿಸದೆ ಎಂಟಕ್ಕೇ ನಿಲ್ಲಿಸಿದ್ದರ ಮರ್ಮ ಇದೇ ಇರಬಹುದೆಂದು ನನ್ನ ಅನುಮಾನ.

ಆಕ್ಷೇಪವಿರುವ ವಿದ್ವಾಂಸರು ಮೊದಲು ಮಾರ್ಗನ್‌ನ ಈ ಮೂರು ಕಂತುಗಳನ್ನು ನೋಡತಕ್ಕದ್ದು. ನಾಟ್ಯಶಾಸ್ತ್ರವನ್ನು ಮಾತ್ರ ಓದಿಕೊಂಡು ವಾದಕ್ಕೆ ಬರುವವರಿಗೆ ಬಾಗಿಲು ತೆರೆಯಲಾಗುವುದಿಲ್ಲ.