ಮುಚ್ಚಳದ ವಾಸನೆ

ನಿನ್ನೆ ಕರೆಂಟು ಹೋದಾಗ ಬೇಲಿಯಾಚೆ ನಿಂತವರು ನೀವೇ ಅಂತ ನನಗೆ ಹೇಗೆ ತಿಳೀತು ಅಂದಿರಲ್ಲ ಕಾಕಾರ? ನಿಮ್ಮ ಎಡಗಾಲಿನ ಚಪ್ಪಲಿ ಕಿತ್ತಿದೆ ನೋಡ್ರಿ. ಒಂದು ಹೆಜ್ಜೆಗೆ ಪಟ್ ಅಂತದೆ, ಮತ್ತೊಂದಕ್ಕೆ ಸರ್ರ್ ಅಂತದೆ. ಹೊಲಿಸಿಕೊಳ್ರಿ ಅಂತ ಎಷ್ಟು ಸಲ ಹೇಳಿದ್ದೆ. ಈಗ ಬೇಡ ಬಿಡ್ರಿ, ಗುರುತಿಗಿರಲಿ.

ನಾವೆಲ್ಲ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ದೊಡ್ಡವರಾದವರು. ಅಲ್ಲಿಂದಲೇ ಪತ್ತೇದಾರ ಅಂದರೆ ಹದ್ದಿನ ಕಣ್ಣಿನವನು ಅಂತ ತಲೆಯಲ್ಲಿ ಕೂತುಬಿಟ್ಟಿತು, ಅಲ್ವಾ? ಆದರೆ ಅರ್ನೆಸ್ಟ್ ಬ್ರಾಮಾ ಅನ್ನೋ ಇಂಗ್ಲಿಷ್ ಲೇಖಕನ ಮ್ಯಾಕ್ಸ್ ಕಾರಡೋಸನಿಗೆ ಕಣ್ಣೇ ಕಾಣಿಸೋದಿಲ್ಲ. ಪತ್ರಿಕೆಯ ದಪ್ಪಕ್ಷರದ ಮೇಲೆ ಬೆರಳಾಡಿಸಿ ಸುದ್ದಿ ಓದುತ್ತಾನೆ, ಮುಟ್ಟಿ ನೋಡಿ ಹಳೇ ಗ್ರೀಕ್ ನಾಣ್ಯ ಖೋಟಾ ಅಂತ ಹೇಳುತ್ತಾನೆ. ನನಗೆ ಮಜಾ ಅನಿಸಿದ್ದು ಮೀಸೆಯ ಸಂಗತಿ. ಒಬ್ಬಾತ ಅಂಟಿಸಿದ ಮೀಸೆ ಹಾಕಿಕೊಂಡು ಬಂದಿದ್ದ. ಕಣ್ಣಿದ್ದವರೆಲ್ಲ ನಂಬಿದರು. ಕಾರಡೋಸ್ ಮಾತ್ರ ಬೆವರಿಗೆ ಬೆರೆತ ಅಂಟಿನ ವಾಸನೆಯಿಂದಲೇ ಹಿಡಿದುಬಿಟ್ಟ! ನಮ್ಮ ಕಂಪನಿ ನಾಟಕದ ಮೊದಲ ಸಾಲಿನಲ್ಲಿ ಕೂತವರಿಗೆ ಆ ವಾಸನೆ ಹೊಸದೇನಲ್ಲ ಬಿಡ್ರಿ.

ಅದು ಕಟ್ಟುಕಥೆ ಅಂತೀರಾ? ಸರಿ, ಕಥೆಯಲ್ಲದ್ದೇ ಕೇಳ್ರಿ. ಲಂಡನ್ನಿನ ಬೋ ಸ್ಟ್ರೀಟಿನಲ್ಲಿ ಜಾನ್ ಫೀಲ್ಡಿಂಗ್ ಅಂತ ನ್ಯಾಯಾಧೀಶನಿದ್ದ, 1721ರಲ್ಲಿ ಹುಟ್ಟಿದವನು. ಹತ್ತೊಂಬತ್ತನೇ ವಯಸ್ಸಿಗೇ ಕಣ್ಣು ಹೋಗಿತ್ತು. ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಕಚೇರಿಯಲ್ಲಿ ಕೂಡುತ್ತಿದ್ದನಂತೆ. ಮೂರು ಸಾವಿರ ಕಳ್ಳರನ್ನು ಬರೀ ದನಿಯಿಂದಲೇ ಗುರುತಿಸುತ್ತಿದ್ದ ಅಂತ ಪ್ರತೀತಿ. ಪಾಪ ಕಳ್ಳರು! ವೇಷ ಬದಲಿಸಬಹುದು, ದನಿ ಎಲ್ಲಿ ಬಚ್ಚಿಡುತ್ತೀರಿ?

ಅಷ್ಟು ದೂರ ಯಾಕೆ, ರೈಲು ಹತ್ತಿದರೆ ಗದಗ. ಕಾರಡೋಸನ ಪುಸ್ತಕ ಬಂದದ್ದು 1914ರಲ್ಲಿ. ಅದೇ ವರ್ಷ ದೇವಗಿರಿಯಲ್ಲಿ ಪುಟ್ಟರಾಜ ಗವಾಯಿಗಳು ಹುಟ್ಟಿದರು. ಅವರಿಗೂ, ಅವರ ಗುರು ಪಂಚಾಕ್ಷರಿ ಗವಾಯಿಗಳಿಗೂ ಕಣ್ಣಿರಲಿಲ್ಲ. ಹತ್ತು ಹುಡುಗರು ಕೂಡಿ ಹಾಡುವಾಗ ಅಪಸ್ವರ ತೆಗೆದವ ಯಾರು ಅಂತ ಹಿಡಿಯೋದೂ ಒಂದು ಪತ್ತೇದಾರಿಕೆಯೇ, ಹೌದಿಲ್ರೀ? ಗದಗಿನ ಅವರ ಸಂಗೀತಾಶ್ರಮದ ಕಿವಿಗಳ ಮುಂದೆ ಯಾವ ಸ್ವರಗಳ್ಳ ಉಳಿದಾನು!

ಯಲಬುರ್ಗಾದ ನಮ್ಮಜ್ಜಿಯ ಕಥೆ ನಿಮಗೆ ಹೇಳೇ ಇಲ್ಲ ಅಲ್ಲ? ಮೋತಿಬಿಂದು ಬಂದು ಆಕೆಗೆ ಬೆಳಕು ಕತ್ತಲೆಯಷ್ಟೇ ತಿಳೀತಿತ್ತು. ಪಂಚಮಿಗೆ ಕಟ್ಟಿಟ್ಟ ಶೇಂಗಾ ಉಂಡಿ ದಿನಾ ಎರಡೆರಡು ಕಡಿಮೆ! ಮನೆಮಂದಿಯೆಲ್ಲ ಬೆಕ್ಕಿನ ಮೇಲೆ ಹಾಕಿದರು. ಅಜ್ಜಿ ಒಂದೇ ಮಾತು ಕೇಳಿದಳು: ‘ಬೆಕ್ಕು ತಿಂದ ಮ್ಯಾಲೆ ಡಬ್ಬಿ ಮುಚ್ಚಿ ಹೋಗತೈತೇನು?’ ಎಲ್ಲರೂ ಗಪ್‌ಚಿಪ್. ಆಮೇಲೆ ಆ ಮುಚ್ಚಳ ತರಿಸಿ, ಮೂಗಿನ ಹತ್ತಿರ ಹಿಡಿದು, ಒಂದು ಸೀನು ಸೀನಿದಳು. ನಶ್ಯ!

ಮನೆಯಲ್ಲಿ ನಶ್ಯ ಏರಿಸುವವ ಒಬ್ಬನೇ, ಸಕ್ಕರೆ ಕಾಯಿಲೆಯ ನಮ್ಮಜ್ಜ. ಅಜ್ಜಿ ಹೆಸರೆತ್ತಲಿಲ್ಲ. ‘ಇಲಿ ಇರಬೇಕು’ ಅಂದು ಮುಚ್ಚಳ ಸೆರಗಿನಿಂದ ಒರೆಸಿಟ್ಟಳು. ಅಜ್ಜ ಕೇಳಿಸಿಕೊಂಡು ಕೆಮ್ಮಿದ.

ಕಳವು ನಿಂತಿತೇ? ಎಲ್ಲಿ ನಿಲ್ಲುತ್ತೆ! ನಾಲ್ಕು ದಿನ ಬಿಟ್ಟು ಅಜ್ಜಿ ಮತ್ತೆ ಮುಚ್ಚಳ ಮೂಸಿದಳು, ನಕ್ಕಳು:

‘ಇಲಿ ಈಗ ಸಾಬೂನು ಹಚ್ಚಿ ಕೈ ತೊಳಕೊಂಡು ಬರಾಕತ್ತೈತಿ.’