ಗಡಿಯಾರದ ಸೆಲ್ಲು

ರೇಷ್ಮೆ ಹುಳುಮನೆಯ ಅಟ್ಟದಿಂದ ಗೂಡು ಕಟ್ಟಿಸುವ ಚಂದ್ರಿಕೆ ಇಳಿಸಿಕೊಡಿ ಎಂದು ಹೆಂಡತಿ ಮೂರು ವಾರದಿಂದ ಹೇಳುತ್ತಿದ್ದಳು. ಕೊನೆಗೊಂದು ಭಾನುವಾರ ಹತ್ತಿದೆ. ಇಳಿಯುವಾಗ ಕೈಯಲ್ಲಿದ್ದದ್ದು ಹಳದಿ ಬಣ್ಣದ ಬ್ರಿಕ್ ಗೇಮು.

"ಇದೇನು ಗೊತ್ತೇನೇ?"

"ಚಂದ್ರಿಕೆ ಅಲ್ಲ ಅನ್ನೋದಂತೂ ಗೊತ್ತು ರೀ."

ತೊಂಬತ್ತರ ದಶಕದಲ್ಲಿ ಸೋದರಮಾವ ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿನಿಂದ ತಂದದ್ದು. ಮೇಲೆ 9999 ಆಟ ಎಂದು ಬರೆದಿತ್ತು. ಆಡಿ ನೋಡಿದರೆ ಇಟ್ಟಿಗೆ, ಹಾವು, ಕಾರು, ಟ್ಯಾಂಕು. ಉಳಿದವೂ ಅವೇ, ಸ್ವಲ್ಪ ಜೋರಾಗಿ ಓಡುತ್ತಿದ್ದವು ಅಷ್ಟೆ. ನಮಗೆ ಇಟ್ಟಿಗೆಯೊಂದೇ ಆಟ. ಮೂಲೆಯಲ್ಲಿ ಸಂದಿ ಬಿಟ್ಟು ಉದ್ದ ಕೋಲಿಗೆ ಕಾಯುತ್ತಾ ಕೂತರೆ ಗೌರಿಬಿದನೂರಿನ ಕೊನೇ ಬಸ್ಸಾದರೂ ಬಂದೀತು, ಅದು ಬರುತ್ತಿರಲಿಲ್ಲ.

ಎರಡು ಪೆನ್ಸಿಲ್ ಸೆಲ್ಲು ಬೇಕಿತ್ತು. ಒಂದಕ್ಕೆ ಹೇಗೋ ಕಾಸು ಕೂಡುತ್ತಿತ್ತು, ಇನ್ನೊಂದನ್ನು ಗೋಡೆ ಗಡಿಯಾರ ಕೊಡುತ್ತಿತ್ತು. ಪೊರೆ ಕಳಚಿ ನಾಲ್ಕನೇ ಜ್ವರ ಎದ್ದ ಹುಳುಗಳಿಗೆ ರಾತ್ರಿ ಸೊಪ್ಪು ಹಾಕಲು ಅಮ್ಮ ನಂಬಿದ್ದೂ ಅದೇ ಗಡಿಯಾರವನ್ನು. ಹುಳು ಮೇಯುವಾಗ ಸಣ್ಣ ಮಳೆ ಹಿಡಿದಂಥ ಸದ್ದು. ಒಂದು ರಾತ್ರಿ ಆ ಮಳೆ ನಿಂತದ್ದಕ್ಕೇ ಅಮ್ಮನಿಗೆ ಎಚ್ಚರವಾಯಿತು. ನನ್ನ ಕಂಬಳಿಯೊಳಗಿಂದ ಟಿಣ್ ಟಿಣ್ ಕೇಳಿಸುತ್ತಿತ್ತು. ನಿಜವಾದ ಸಿಟ್ಟು ಬಂದರೆ ಅಮ್ಮನ ಬಾಯಿಗೆ ತೆಲುಗು ಬರುತ್ತದೆ. ಅವತ್ತು ಕಾಲು ಗಂಟೆ ತೆಲುಗು. ಗೂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗುವವರೆಗೂ ಆಟ ಅವಳ ಟ್ರಂಕಿನಲ್ಲಿ ಜಪ್ತಿ.

ಇದನ್ನೆಲ್ಲ ಮಗನಿಗೆ ಹೇಳುವಷ್ಟರಲ್ಲಿ ಅವನು ಮೊಬೈಲು ನೋಡಿ ಮುಗಿಸಿದ್ದ. "ಅಪ್ಪಾ, ಇದು ಟೆಟ್ರಿಸ್. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿತ್ನೋವ್ ಮಾಡಿದ್ದು. 1989ರಲ್ಲಿ ನಿಂಟೆಂಡೊದವರ ಗೇಮ್ ಬಾಯ್‌ನಲ್ಲಿ ಬಂತು. ನಿಂದು ನಕಲು. ಸ್ಕೋರ್ ಎಷ್ಟು ಹೊಡೆದಿದ್ದೆ?"

"38 ಸಾವಿರ."

ಸೆಲ್ಲು ತೆಗೆದರೆ ಹೈಸ್ಕೋರ್ ಅಳಿಸಿಹೋಗುತ್ತದೆ. ಬಡಾಯಿ ಕೊಚ್ಚಲು ಇದಕ್ಕಿಂತ ಒಳ್ಳೇ ಯಂತ್ರವಿಲ್ಲ.

ಮಗ ತನ್ನ ಆಟದ ಕಾರಿನ ಸೆಲ್ಲು ಬಿಚ್ಚಿ ಹಾಕಿಕೊಟ್ಟ. ಎರಡು ನಿಮಿಷಕ್ಕೆ ಔಟಾದೆ. ಕನ್ನಡಕದ ಮೇಲೆ ತಪ್ಪು ಹೊರಿಸಿದೆ.

ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ತಲೆ ಎತ್ತಲಿಲ್ಲ. "ಆ 38 ಸಾವಿರ ನಂದು ಕಣೋ."

"ಆಂ?"

"ಟ್ರಂಕಲ್ಲಿ ಸುಮ್ನೆ ಬಿದ್ದಿರುತ್ತೆ ಅಂದ್ಕೊಂಡೆಯಾ? ಒಂದ್ಸಲ ಸೊಪ್ಪು ಹಾಕಿ ಇನ್ನೊಂದ್ಸಲ ಹಾಕೋ ತನಕ ನಿದ್ದೆ ತಡೀಬೇಕಲ್ಲ, ಆಡ್ತಿದ್ದೆ. ವಾಪಸ್ ಕೊಟ್ಟಾಗ ಸ್ಕೋರು ಹಾಗೇ ಇತ್ತು. ನೀನು ನಂದು ಅಂತ ಊರಿಗೆಲ್ಲ ತೋರಿಸ್ಕೊಂಡು ಬಂದೆ. ಹೋಗ್ಲಿ ಅಂತ ಸುಮ್ನಿದ್ದೆ."

ಮಗ ಅಜ್ಜಿಯನ್ನೇ ನೋಡುತ್ತಿದ್ದ. ನನ್ನನ್ನು ಅವನು ಯಾವತ್ತೂ ಹಾಗೆ ನೋಡಿಲ್ಲ. ಸಂಜೆ ಕಾರಿಗೆ ಬೇಕೆಂದು ಸೆಲ್ಲನ್ನು ಕಿತ್ತುಕೊಂಡು ಹೋದ.

ಮಾರನೇ ಬೆಳಿಗ್ಗೆ ನಡುಮನೆ ಗಡಿಯಾರ 10.40ಕ್ಕೆ ನಿಂತಿತ್ತು. ಅಡುಗೆಮನೆಯದೂ 10.40. ಅಮ್ಮನ ಕೋಣೆಯ ಬಾಗಿಲು ಇನ್ನೂ ತೆರೆದಿರಲಿಲ್ಲ.

"ರೀ, ಗಡಿಯಾರದ ಸೆಲ್ಲು ತೆಗೆದದ್ದು ನೀವೇನಾ?"

"ಹೌದು, ನಾನೇ," ಎಂದು ಚಂದ್ರಿಕೆ ಇಳಿಸಲು ಅಟ್ಟ ಹತ್ತಿದೆ.